ಗೋಡೆ ಕೊರೆದ ನೆರಳು

“ಲಾಟೀನು ಎತ್ತು,” ಎಂದಳು ವೆರ್ನಾ ಹಕಲಾ. “ಗೋಡೆಗೆ ಎದುರಾಗಿ ಬೇಡ. ಪಕ್ಕದಿಂದ ಹಿಡಿ.”

ಕರ್ಟಿಸ್ ಬರನಿಕ್‌ನ ಬೆರಳು ಕೀಲಿಮಣೆಯ ಮೇಲೇ ನಿಂತುಬಿಟ್ಟಿತು.

“ಪಕ್ಕದಿಂದ ಯಾಕೆ ಮೇಡಂ? ಎದುರಿಗೆ ಹಿಡಿದ್ರೆ ಬಣ್ಣ ಎಲ್ಲಾ ಚೆನ್ನಾಗಿ ಕಾಣುತ್ತೆ.”

“ನನಗೆ ಚೆನ್ನಾಗಿ ಕಾಣೋದು ಬೇಡಪ್ಪ. ಪಕ್ಕದಿಂದ ಹಿಡಿ ಅಂದೆ.”

ಹಳೆಯ ವಿಡಿಯೋ ಗೇಮ್‌ಗಳನ್ನು ಕೊಂಡು ಮಾರುವ ಕರ್ಟಿಸನ ಅಂಗಡಿ ಅದು. ಬುಧವಾರ ಮಧ್ಯಾಹ್ನ. ಬಾಗಿಲಿಗೆ ‘ಮುಚ್ಚಿದೆ’ ಹಲಗೆ ತೂಗಿಸಿ ಮೂವರೂ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಮೂರನೆಯವಳು ಐಲಾ. ಬೆಳಿಗ್ಗೆ ಬೇಯಿಸಿ ತಂದಿದ್ದ ಏಲಕ್ಕಿ ಬನ್ನಿನ ಡಬ್ಬಿ ಅವಳ ತೊಡೆಯ ಮೇಲೇ ಇತ್ತು, ಯಾರಿಗೂ ಕೊಟ್ಟಿರಲಿಲ್ಲ.

ಐಲಾಳ ತಮ್ಮ ಆರ್ವೋ ಲೆಹ್ಟೋ, ಸರೋವರದ ದಡದ ಪೋರ್ಟ್ ಕ್ಯಾರಿಂಗ್ಟನ್ ಬಂದರಿನಲ್ಲಿ, ಹಿಂದೆ ಗೋಧಿ ತುಂಬಿಡುತ್ತಿದ್ದ ಪಾಳುಬಿದ್ದ ಗೋಪುರದ ನೆತ್ತಿಯಿಂದ ಬಿದ್ದು ಸತ್ತು ಅಂದಿಗೆ ಇಪ್ಪತ್ತೆರಡು ದಿನ. ಫೋಟೋ ತೆಗೆಯಲು ಒಬ್ಬನೇ ಹತ್ತಿದ, ಕಂಬಿಯಿಲ್ಲದ ಅಂಚಿನಲ್ಲಿ ಕಾಲು ಜಾರಿತು, ತಪ್ಪು ಅವನದೇ ಎಂದು ಪೊಲೀಸರು ಬರೆದಾಗಿತ್ತು. ಶುಕ್ರವಾರ ಆ ಕಾಗದಕ್ಕೆ ಸಹಿ ಬಿದ್ದರೆ ಕತೆ ಮುಗಿಯಿತು.

ಐಲಾ ಮೂರು ವಾರದ ಹಿಂದೆ ವೆರ್ನಾಳನ್ನು ಹುಡುಕಿಕೊಂಡು ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. ತಮ್ಮ ಸತ್ತ ದಿನ ಬೆಳಿಗ್ಗೆ ಅವಳು ಅವನಿಗೆ ಬೈದಿದ್ದಳು. ‘ಹನ್ನೊಂದು ವರ್ಷದಿಂದ ಕಂಪ್ಯೂಟರ್‌ನಲ್ಲಿ ಗೋಡೆ ನೋಡ್ತಾ ಕೂತಿದೀಯಲ್ಲ, ಎದ್ದು ಹೋಗಿ ನಿಜವಾದ ಗೋಡೆ ನೋಡೋ’ ಎಂದಿದ್ದಳು. ‘ನನ್ನ ಮಾತಿಗೇ ಅವನು ಹತ್ತಿದ್ನಾ? ಅದೊಂದು ಹೇಳಿ ಸಾಕು’ ಎಂದು ಕೇಳಿದ್ದಳು. ಏಣಿಯ ಮೂರನೇ ಮೆಟ್ಟಿಲಿಗೆ ತಲೆ ಸುತ್ತುವ ಮನುಷ್ಯ ಆರ್ವೋ. ಮನೆಯ ಬಲ್ಬನ್ನೂ ಅಕ್ಕನೇ ಬದಲಾಯಿಸಬೇಕು. ಅಂಥವನು ಇನ್ನೂರ ಹದಿನಾಲ್ಕು ಮೆಟ್ಟಿಲು ಏಕೆ ಹತ್ತಿದ? ಹೊಟ್ಟೆಯಲ್ಲಿ ಇಂಥ ಪ್ರಶ್ನೆ ಇಟ್ಟುಕೊಂಡು ಯಾರಿಗೆ ತಾನೇ ಅನ್ನ ಸೇರುತ್ತದೆ? ವೆರ್ನಾ ಆ ಕ್ಷಣವೇ ಕೇಸು ಒಪ್ಪಿಕೊಂಡಳು.

ವೆರ್ನಾಗೆ ಐವತ್ತೆಂಟು. ಇಪ್ಪತ್ತಮೂರು ವರ್ಷ ವಿಮೆ ಕಂಪನಿಗೆ ಸುಟ್ಟ ಮನೆ, ಮುಳುಗಿದ ದೋಣಿಗಳ ಸುಳ್ಳು ಹುಡುಕಿಕೊಟ್ಟವಳು, ಈಗ ಸ್ವಂತವಾಗಿ ಪತ್ತೇದಾರಿಕೆ ಮಾಡುವವಳು. ವಿಡಿಯೋ ಗೇಮ್ ಎಂದರೆ ಅವಳಿಗೆ ಎಡ ಯಾವುದು ಬಲ ಯಾವುದು ಗೊತ್ತಿರಲಿಲ್ಲ. ಆದರೆ ಒಮ್ಮೆ ಹಿಡಿದರೆ ಉಡದ ಪಟ್ಟು. ಆರ್ವೋ ತನ್ನಂಥ ಆಟದ ಹುಚ್ಚರಿಗೆ ಅಂತರ್ಜಾಲದಲ್ಲಿ ಬರೆದ ಹನ್ನೊಂದು ವರ್ಷದ ಬರಹವನ್ನೆಲ್ಲ ಕನ್ನಡಕ ಒರೆಸಿಕೊಂಡು ಒಂದೂ ಬಿಡದೆ ಓದಿದ್ದಳು.

“ಏನು ಕರ್ಟಿಸ್, ಕೈ ಸೋತುಹೋಯ್ತಾ?”

ಕರ್ಟಿಸ್ ಒತ್ತಿದ.

ಪರದೆಯ ಮೇಲಿದ್ದದ್ದು ‘ನಾರ್ತ್ ಡಾಕ್’. ಇಪ್ಪತ್ತೆರಡು ವರ್ಷದ ಹಳೆಯ ಆಟ. ಬಂದರಿನ ಕಾವಲುಗಾರನೊಬ್ಬ ಲಾಟೀನು ಹಿಡಿದು ಗೋದಾಮುಗಳಲ್ಲಿ ಅಲೆಯುತ್ತಾನೆ, ಅಷ್ಟೇ ಕತೆ. ಅದು ಬಂದ ಕಾಲಕ್ಕೆ ಅದರ ಗೋಡೆಗಳು ರಟ್ಟಿನ ಪೆಟ್ಟಿಗೆಯ ಹಾಗೆ, ನೀರು ಹಸಿರು ಗಂಜಿಯ ಹಾಗೆ ಕಾಣುತ್ತಿದ್ದವಂತೆ. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಆರ್ವೋ ಮತ್ತು ಕರ್ಟಿಸ್ ಇಬ್ಬರೇ, ಯಾರೂ ಹೇಳದೆ ಕೇಳದೆ, ಒಂದು ಕಾಸು ಪಡೆಯದೆ, ಅದರ ಒಂದೊಂದು ಗೋಡೆ, ಒಂದೊಂದು ಹಲಗೆ, ಒಂದೊಂದು ಹಗ್ಗವನ್ನೂ ಹೊಸದು ಮಾಡುತ್ತ ಬಂದಿದ್ದರು. ಆರ್ವೋ ಊರಿನ ನಿಜವಾದ ಗೋಡೆಗಳ ಫೋಟೋ ತೆಗೆಯುತ್ತಿದ್ದ, ಕರ್ಟಿಸ್ ಅದನ್ನು ಆಟದೊಳಗೆ ಹೊದಿಸುತ್ತಿದ್ದ. ಇಂಥದ್ದಕ್ಕೆ ‘ಮಾಡ್’ ಅನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದ ಕೆಲಸ, ಆದರೆ ಇವರ ಮಾಡ್ ಇಳಿಸಿಕೊಂಡು ಆಡುವವರು ಜಗತ್ತಿನಲ್ಲಿ ನಲವತ್ತು ಸಾವಿರ ಜನರಿದ್ದರು.

ಕಾವಲುಗಾರ ಮೆಟ್ಟಿಲು ಹತ್ತಿ, ಆಟದೊಳಗೂ ಇದ್ದ ಅದೇ ಗೋಪುರದ ನೆತ್ತಿಗೆ ಬಂದ. ಎದುರಿಗೆ ಬೂದು ಬಣ್ಣದ ಕಾಂಕ್ರೀಟು ಗೋಡೆ. ಆರ್ವೋ ಸತ್ತ ಐದನೇ ದಿನಕ್ಕೆ ಕರ್ಟಿಸ್ ಬಿಡುಗಡೆ ಮಾಡಿದ ಗೋಡೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರ: ಆರ್ವೋ ಲೆಹ್ಟೋ, ಅವನ ನೆನಪಿಗೆ’ ಎಂದಿತ್ತು. ಗೋಡೆ ನುಣ್ಣಗೆ, ಒಂದು ಕಲೆಯಿಲ್ಲದೆ, ಈಗ ತಾನೇ ಸ್ನಾನ ಮಾಡಿ ಬಂದ ಹಾಗಿತ್ತು.

ಲಾಟೀನು ಗೋಡೆಯ ಪಕ್ಕಕ್ಕೆ ಸರಿಯಿತು. ಬೆಳಕು ಓರೆಯಾಗಿ ಬಿತ್ತು.

ಗೋಡೆಯ ಮೇಲೆ ಗೀರುಗಳೆದ್ದವು.

ಒಂದು, ಎರಡು, ಮೂರು. ಸಮದೂರದಲ್ಲಿ ನೆಟ್ಟಗೆ ನಿಂತ ಏಳು ಗೀರುಗಳು. ಅವುಗಳ ತಲೆಯ ಮೇಲೆ ಅಡ್ಡಲಾಗಿ ಒಂದು. ಯಾರೋ ಉಳಿ ಹಿಡಿದು ಕಾಂಕ್ರೀಟಿನಲ್ಲಿ ಕೊರೆದ ಹಾಗೆ.

“ಅಯ್ಯೋ,” ಎಂದ ಕರ್ಟಿಸ್. ಅವನಿಗೇ ಕೇಳಿಸದಷ್ಟು ಮೆಲ್ಲಗೆ.

“ಏನದು?”

“ಏನೋ... ತಪ್ಪಾಗಿದೆ. ಸರಿಮಾಡ್ತೀನಿ.”

“ಸರಿಮಾಡೋಕೆ ಮುಂಚೆ ಏನು ಅಂತ ಹೇಳು.”

“ಗೋಡೆ ಬಿರುಕು ಮೇಡಂ.”

“ಬಿರುಕು ಅಳತೆ ಹಿಡಿದು ಬಿಡುತ್ತಾ?” ವೆರ್ನಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. “ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು. ಆಟದ ಗೋಡೆ ಅಂದ್ರೆ ಬರೀ ಹಲಗೆ. ಅದಕ್ಕೆ ನೀವು ಎರಡು ಹೊದಿಕೆ ಹೊದಿಸ್ತೀರಿ. ಒಂದು ಬಣ್ಣದ್ದು, ಇನ್ನೊಂದು ಉಬ್ಬುತಗ್ಗಿಂದು. ಬಣ್ಣದ್ದು ಯಾವಾಗ್ಲೂ ಕಾಣುತ್ತೆ. ಉಬ್ಬುತಗ್ಗಿಂದು ಲಾಟೀನು ಓರೆಯಾಗಿ ಬಿದ್ರೇನೇ ಕಾಣೋದು. ಹೌದಾ?”

ಕರ್ಟಿಸ್ ಬೆರಗಾಗಿ ನೋಡಿದ. “ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು?”

“ಆರ್ವೋ. ಹೊಸಬರಿಗೆ ಅಂತ ಬರ್ದಿದ್ನಲ್ಲ, ನನಗಿಂತ ಹೊಸಬಳು ಬೇಕಾ? ಇನ್ನೂ ಕೇಳು. ಎರಡು ಹೊದಿಕೇನೂ ಒಂದೇ ಫೋಟೋದಿಂದ ಮಾಡೋದು. ಫೋಟೋದಲ್ಲಿ ಕಪ್ಪಗಿದ್ದಿದ್ದನ್ನ ಕಂಪ್ಯೂಟರ್ ಹಳ್ಳ ಅಂದ್ಕೊಳ್ಳುತ್ತೆ, ಬೆಳ್ಳಗಿದ್ದಿದ್ದನ್ನ ದಿಣ್ಣೆ ಅಂದ್ಕೊಳ್ಳುತ್ತೆ. ಆದ್ರಿಂದ ಫೋಟೋದಲ್ಲಿ ನೆರಳಿದ್ರೆ ಮೊದಲು ನೆರಳು ಅಳಿಸ್ಬೇಕು, ಆಮೇಲೆ ಉಬ್ಬುತಗ್ಗು ತೆಗೀಬೇಕು. ನೀನು ಅವಸರದಲ್ಲಿ ಹಿಂದುಮುಂದು ಮಾಡಿದೀಯ. ಬಣ್ಣದ ಹೊದಿಕೇಲಿ ನೆರಳು ಅಳಿಸಿದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಉಬ್ಬುತಗ್ಗು ಮಾತ್ರ ಅಳಿಸೋಕೆ ಮುಂಚಿನ ಫೋಟೋದಿಂದ್ಲೇ ತೆಗೆದುಬಿಟ್ಟೆ. ನೆರಳು ಹೋಗಿ ಹಳ್ಳ ಆಯ್ತು.”

ಕರ್ಟಿಸ್ ಹನ್ನೊಂದು ವರ್ಷ ಈ ಕೆಲಸ ಮಾಡಿದವನು. ಇಂಥ ತಪ್ಪು ಮಾಡಿದೆಯಲ್ಲ ಎಂದು ಆರ್ವೋ ಬದುಕಿದ್ದರೆ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದ.

“ಕಂಬಿ ನೆರಳು ಇದು,” ಎಂದಳು ವೆರ್ನಾ. “ಏಳು ಸರಳು, ಮೇಲೊಂದು ಕೈಹಿಡಿ. ಒಂದೂ ಮುರಿದಿಲ್ಲ, ಒಂದೂ ಬಾಗಿಲ್ಲ. ಗೋಪುರ ನೋಡಿಕೊಳ್ಳೋ ಮನುಷ್ಯ ಪೊಲೀಸರಿಗೆ ಏನು ಹೇಳಿದಾನೆ ಗೊತ್ತಾ? ಅಲ್ಲಿ ಎರಡು ಚಳಿಗಾಲದಿಂದ ಕಂಬೀನೇ ಇರ್ಲಿಲ್ಲ, ತುಕ್ಕು ತಿಂದು ಕೆಳಗೆ ಬಿದ್ದುಹೋಯ್ತು ಅಂತ.”

“ಹಾಗಿದ್ರೆ ಹಳೇ ಫೋಟೋ ಇರ್ಬೇಕು. ಆರ್ವೋ ಯಾವತ್ತೋ ತೆಗೆದಿದ್ದ. ಎರಡು ಮೂರು ವರ್ಷದ ಹಿಂದೆ.”

“ಆರ್ವೋ ತೆಗೆದದ್ದಾ?”

“ಕೆಳಗೆ ಹೆಸರು ಹಾಕಿದೀನಲ್ಲ.”

ವೆರ್ನಾ ಚೀಲದಿಂದ ಮಡಿಚಿದ ಒಂದು ಹಾಳೆ ತೆಗೆದಳು. ಎರಡು ಸಾಲನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಳು. ಓದಿದಳು. “‘ಬಿಸಿಲಲ್ಲಿ ಗೋಡೆ ತೆಗೆದ್ರೆ ಸಿಗೋದು ಗೋಡೆ ಅಲ್ಲ, ಬಿಸಿಲು. ಮೋಡ ಬರೋವರೆಗೆ ಕಾಯಿರಿ. ಎಷ್ಟು ದಿನ ಅಂತ ಕೇಳ್ಬೇಡಿ.’ ಹನ್ನೊಂದು ವರ್ಷ, ನಾಲ್ಕು ಸಾವಿರ ಫೋಟೋ. ಅಷ್ಟನ್ನೂ ನೋಡಿದೀನಿ ಕರ್ಟಿಸ್, ನನ್ನ ಕಣ್ಣು ಈಗ್ಲೂ ಉರೀತಿದೆ. ಒಂದರಲ್ಲಾದ್ರೂ ನೆರಳು ತೋರ್ಸು, ಈಗ್ಲೇ ಎದ್ದು ಹೋಗ್ತೀನಿ.”

ಕರ್ಟಿಸ್ ತೋರಿಸಲಿಲ್ಲ.

“ಇನ್ನೊಂದು. ಸೆಪ್ಟೆಂಬರ್ ಎಂಟನೇ ತಾರೀಕು ಅವನು ಬರ್ದಿದ್ದು. ‘ಗೋಪುರದ ಗೋಡೆ ಇನ್ನೂ ಸಿಕ್ಕಿಲ್ಲ, ಮೋಡ ಇಲ್ಲ, ಕಾಯ್ತಿದೀವಿ.’ ಎಂಟಕ್ಕೆ ಗೋಡೆ ಇಲ್ಲ. ಒಂಬತ್ತಕ್ಕೆ ಅವನಿಲ್ಲ. ಹದಿನಾಲ್ಕಕ್ಕೆ ನೀನು ಗೋಡೆ ಬಿಟ್ಟೆ. ಅವನು ಬಿದ್ದ ಸಂಜೆಯಿಂದ್ಲೇ ಅಲ್ಲಿ ಪೊಲೀಸ್ ಪಟ್ಟಿ ಕಟ್ಟಿದೆ, ಅವರು ತೆಗೆದ ಫೋಟೋದಲ್ಲಿ ಕಂಬಿ ಇಲ್ಲ. ಅಂದ್ಮೇಲೆ ಈ ಗೋಡೆ ತೆಗೆಯೋಕೆ ಉಳಿದಿದ್ದು ಒಂದೇ ದಿನ. ಒಂಬತ್ತು, ಮಂಗಳವಾರ. ಅವತ್ತು ಸರೋವರದ ಮೇಲೆ ಒಂದು ಚೂರು ಮೋಡ ಇರ್ಲಿಲ್ಲ, ಹವಾಮಾನ ಕಚೇರಿಯಿಂದ ಬರೆಸಿಕೊಂಡು ಬಂದಿದೀನಿ.”

ಐಲಾ ಡಬ್ಬಿಯ ಮುಚ್ಚಳದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಪರದೆಯತ್ತ ನೋಡುತ್ತಿರಲಿಲ್ಲ. ಪಾಪ, ತಮ್ಮ ನಿಂತಿದ್ದ ಜಾಗವನ್ನು ಅವಳು ಹೇಗೆ ತಾನೇ ನೋಡಿಯಾಳು ಎಂದುಕೊಂಡಳು ವೆರ್ನಾ.

“ಹೋದ ವಾರ ನಾನೂ ಹತ್ತಿದೆ ಆ ಗೋಪುರ,” ಎಂದಳು. “ಇನ್ನೂರ ಹದಿನಾಲ್ಕು ಮೆಟ್ಟಿಲು. ನನ್ನ ಮಂಡಿ ಇವತ್ತಿಗೂ ಬೈತಾ ಇದೆ. ಕಂಬಿ ಕೂರಿಸಿದ್ದ ನಾಲ್ಕು ತೂತು ನೋಡಿದೆ. ಎರಡು ಚಳಿಗಾಲ ಹಿಮ ಕುಡಿದ ತೂತು ಕೆಂಪಗೆ ತುಕ್ಕಾಗಿರ್ಬೇಕು. ಇವು ಒಳಗೆ ಬೆಳ್ಳಗೆ ಹೊಳೀತಿದ್ವು. ಗೋಪುರ ನೋಡಿಕೊಳ್ಳೋನು ಸುಳ್ಳು ಹೇಳಿದಾನೆ, ಯಾರಿಗೋಸ್ಕರ ಅನ್ನೋದು ಬಾಕಿ. ಆ ಕಂಬಿ ತಾನಾಗಿ ಬೀಳಲಿಲ್ಲ ಕರ್ಟಿಸ್. ಯಾರೋ ಬೋಲ್ಟು ಬಿಚ್ಚಿ ಎತ್ತಿಟ್ಟಿದಾರೆ. ಅವತ್ತೇ. ಈ ಫೋಟೋ ತೆಗೆದಾದ ಮೇಲೆ, ಆರ್ವೋ ಬೀಳೋಕೆ ಮುಂಚೆ.”

ಕರ್ಟಿಸ್ ದಡಕ್ಕನೆ ಎದ್ದ. “ನಾನಲ್ಲ!”

“ನೀನು ಅಂತ ಯಾರು ಹೇಳಿದ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎದ್ದವನು ಮೇಜಿನ ಅಂಚು ಹಿಡಿದುಕೊಂಡೇ ನಿಂತ. ಎಡಗಾಲಿನ ಮೇಲೆ ಭಾರ ಹಾಕಿರಲಿಲ್ಲ.

“ಕಾಲಿಗೇನಾಯ್ತು?”

“ಅಂಗಡಿ ಏಣಿಯಿಂದ ಬಿದ್ದೆ. ಹಳೇದು.”

“ಎಷ್ಟು ಹಳೇದು?”

ಕರ್ಟಿಸ್ ಎಡಗಾಲನ್ನು ಕುರ್ಚಿಯ ಹಿಂದಕ್ಕೆ ಸರಿಸಿದ.

“ಹೊಲಿಗೆ ಹಾಕ್ಸಿದೀಯಾ?”

ಅವನು ಪ್ಯಾಂಟಿನ ಮೇಲಿಂದಲೇ ತೊಡೆಯನ್ನು ಅಂಗೈಯಿಂದ ಮುಚ್ಚಿದ.

“ನೋಡು,” ವೆರ್ನಾಳ ದನಿ ತಗ್ಗಿತು, ಮೆತ್ತಗಾಗಲಿಲ್ಲ. “ಹೊಲಿಗೆ ಹಾಕಿದ ಕಡೆ ತಾರೀಕು ಬರ್ಕೊಂಡಿರ್ತಾರೆ. ಶುಕ್ರವಾರದೊಳಗೆ ನಾನು ಅದನ್ನ ಹುಡುಕ್ತೀನಿ. ಹುಡುಕ್ದೆ ಮಲಗಲ್ಲ, ನನ್ನ ಜಾಯಮಾನವೇ ಹಾಗೆ. ಆಮೇಲೆ ನೀನು ಹೇಳಿದ್ದನ್ನ ಯಾರೂ ನಂಬಲ್ಲ. ಈಗ ಹೇಳಿದ್ರೆ ನಾನು ನಂಬ್ತೀನಿ. ಇಲ್ಲಿ ಕೂತಿರೋಳ ಮುಖ ನೋಡಿ ಹೇಳು. ಅವಳ ತಮ್ಮ ಯಾಕೆ ಹತ್ತಿದ?”

ಕರ್ಟಿಸ್ ಐಲಾಳ ಕಡೆ ನೋಡಿದ. ಐಲಾ ತಲೆ ಎತ್ತಲಿಲ್ಲ. ಅವನು ಮೆಲ್ಲಗೆ ಕುರ್ಚಿಯಲ್ಲಿ ಕುಸಿದ. ಮೂವತ್ತಾರರ ಗಂಡಸು, ಗಡ್ಡ ಬಿಟ್ಟವನು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

“ನನ್ನಿಂದ,” ಎಂದ.

ವೆರ್ನಾ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿದಳು.

“ಮೋಡ, ಮೋಡ, ಮೋಡ. ಇಡೀ ಆಗಸ್ಟ್ ಇದೇ ಆಯ್ತು ಮೇಡಂ. ಹದಿನಾಲ್ಕಕ್ಕೆ ಆಟಕ್ಕೆ ಇಪ್ಪತ್ತೆರಡು ವರ್ಷ ತುಂಬೋದು. ಅವತ್ತು ಬಿಡ್ತೀವಿ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೆ. ಅದೊಂದು ಗೋಡೆ ಬಾಕಿ. ‘ಬಿಸಿಲಲ್ಲೇ ತೆಗೆಯೋಣ, ನೆರಳು ನಾನು ಅಳಿಸ್ತೀನಿ’ ಅಂದೆ. ‘ನೀನು ಅಳಿಸಿದ್ರೆ ಎಲ್ಲೋ ಒಂದ್ಕಡೆ ಉಳಿಸಿರ್ತೀಯ ಮಾರಾಯ’ ಅಂದ. ಜಗಳ ಆಯ್ತು. ಒಂಬತ್ತನೇ ತಾರೀಕು ಅವನಿಗೆ ಹೇಳ್ದೆ ನಾನೊಬ್ಬನೇ ಹತ್ತಿದೆ.”

“ಎಷ್ಟೊತ್ತಿಗೆ?”

“ಒಂದೂವರೆ ಇರ್ಬೇಕು. ಫೋಟೋ ತೆಗೆದು ತಿರುಗಿದೆ, ಹಲಗೆ ಮುರೀತು. ಕಾಲು ತೊಡೆವರೆಗೂ ಒಳಗೆ. ಕಬ್ಬಿಣದ ತುಂಡು ಮಾಂಸಕ್ಕೆ ಹೊಕ್ಕೊಂಡಿತ್ತು, ಮೇಲೆ ಎಳೆದ್ರೆ ಇನ್ನೂ ಒಳಗೆ ಹೋಗ್ತಿತ್ತು. ಕಳ್ಳತನದಲ್ಲಿ ಹತ್ತಿದ್ದು, ಯಾರನ್ನ ಕರೀಲಿ? ಆರ್ವೋಗೆ ಫೋನ್ ಮಾಡ್ದೆ.”

ಅವನು ಮೂಗು ಒರೆಸಿಕೊಂಡ.

“ಅವನು ಬರಲ್ಲ, ಯಾರನ್ನೋ ಕಳಿಸ್ತಾನೆ ಅಂತಲೇ ಅಂದ್ಕೊಂಡಿದ್ದೆ. ಅವನೇ ಬಂದ ಮೇಡಂ. ಗೋಡೆಗೆ ಎದೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಒಂದೊಂದು ಮೆಟ್ಟಿಲೂ ಜೋರಾಗಿ ಎಣಿಸ್ತಾ ಬಂದ. ಎಣಿಸೋದು ನನಗೆ ಮೇಲಕ್ಕೆ ಕೇಳಿಸ್ತಿತ್ತು. ನೂರಾ ತೊಂಬತ್ತು, ನೂರಾ ತೊಂಬತ್ತೊಂದು. ಬಂದವನೇ ಬೈದ. ‘ಥೂ ನಿನ್ನ, ಬಿಸಿಲಲ್ಲಿ ಬರಬೇಡ ಅಂದಿದ್ನಲ್ಲೋ ದಂಡಪಿಂಡ’ ಅಂದ. ಬೈತಾನೇ ಕಾಲು ಬಿಡಿಸಿದ. ಕಾಲು ಹೊರಗೆ ಬರೋವರೆಗೂ ಬಾಯಿ ನಿಲ್ಲಿಸ್ಲಿಲ್ಲ.”

ವೆರ್ನಾಗೆ, ಮೂರು ವಾರ ಬರಹದಲ್ಲಷ್ಟೇ ಕಂಡ ಮನುಷ್ಯ ಈಗ ಮೆಟ್ಟಿಲು ಎಣಿಸುತ್ತ ಎದುರಿಗೇ ಬಂದ ಹಾಗಾಯಿತು. ಬದುಕಿದ್ದಾಗ ಒಮ್ಮೆಯಾದರೂ ಅವನನ್ನು ಮಾತಾಡಿಸಬೇಕಿತ್ತು ಎನ್ನಿಸಿತು.

“ಐಲಾ,” ಎಂದಳು. “ಕೇಳಿಸ್ಕೊಂಡ್ಯಾ ಮಗಳೇ? ನಿನ್ನ ಮಾತಿಗಲ್ಲ. ಸ್ನೇಹಿತನ ಕಾಲು ಸಿಕ್ಕಿಕೊಂಡಿತ್ತು, ಅದಕ್ಕೆ ಹತ್ತಿದ. ನೀನು ಕೇಳಿದ ಪ್ರಶ್ನೆಗೆ ಇದೇ ಉತ್ತರ.”

ಐಲಾ ತಲೆಯಾಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ಇಪ್ಪತ್ತೆರಡು ದಿನದ ಭಾರ ಇಳಿದವಳ ಮುಖ ಅದಾಗಿರಲಿಲ್ಲ. ವೆರ್ನಾಗೆ ಎಲ್ಲೋ ಒಂದು ಕಡೆ ಚುಚ್ಚಿತು. ಆದರೆ ಕರ್ಟಿಸನ ಮಾತು ಇನ್ನೂ ಮುಗಿದಿರಲಿಲ್ಲ.

“ಆಮೇಲೆ?”

“ಆಮೇಲೆ ಇಳಿಯೋಕೆ ಹೋದ್ವಿ. ಅವನ ಕೈಲಿ ಆಗ್ಲಿಲ್ಲ. ಹತ್ತುವಾಗ ಕಣ್ಣು ಮುಚ್ಚಿದ್ದ, ಇಳಿಯುವಾಗ ಕೆಳಗೆ ನೋಡ್ದೆ ಹೇಗೆ ಇಳೀತಾನೆ? ಗೋಡೆಗೆ ಬೆನ್ನು ಕೊಟ್ಟು ಕೂತ್ಬಿಟ್ಟ. ಎಬ್ಬಿಸೋಕೆ ಹೋದ್ರೆ ಮಗು ಹಾಗೆ ಕಿರುಚ್ತಿದ್ದ. ನನ್ನ ಬೂಟು ತುಂಬ ರಕ್ತ. ‘ನೀನು ಹೋಗಿ ಕಾಲು ತೋರಿಸ್ಕೋ, ನನ್ನ ಕರ್ಕೊಂಡು ಹೋಗೋಕೆ ಜನ ಬರ್ತಾರೆ’ ಅಂದ. ಹೋದೆ. ಪಕ್ಕದೂರಿಗೆ ಹೋಗಿ ಹದಿನೇಳು ಹೊಲಿಗೆ ಹಾಕ್ಸಿಕೊಂಡೆ. ನಾನು ಇಳಿದಾಗ ಅವನು ಗೋಡೆಗೆ ಒರಗಿ ಕೂತಿದ್ದ ಮೇಡಂ, ಅಂಚಿಂದ ಎರಡು ಮಾರು ದೂರ. ಕಂಬಿ ಅಲ್ಲೇ ಇತ್ತು. ಗಟ್ಟಿಯಾಗೇ ಇತ್ತು. ನಾನು ಎದ್ದು ನಿಂತಿದ್ದೇ ಅದನ್ನ ಹಿಡ್ಕೊಂಡು.”

“ಇಷ್ಟು ದಿನ ಬಾಯಿ ಯಾಕೆ ಮುಚ್ಚಿಕೊಂಡಿದ್ದೆ?”

“ಹೆದರಿಕೆ. ಬಿಟ್ಟು ಓಡಿಬಂದೋನು ನಾನೇ ಅಲ್ವಾ? ತಳ್ಳಿದೋನೂ ನಾನೇ ಅಂತಾರೆ.”

“ಬಾಯಿ ಮುಚ್ಚಿಕೊಂಡೋನು ಆ ಗೋಡೆ ಯಾಕೆ ಬಿಡುಗಡೆ ಮಾಡಿದೆ? ಅದೊಂದು ಬಿಡದೇ ಇದ್ದಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ.”

ಕರ್ಟಿಸ್ ಪರದೆಯನ್ನು ನೋಡಿದ. ಕಾವಲುಗಾರ ಇನ್ನೂ ಲಾಟೀನು ಹಿಡಿದು ಏಳು ಗೀರುಗಳ ಮುಂದೆ ನಿಂತಿದ್ದ.

“ಬಿಸಾಕೋಕೆ ಮನಸ್ಸಾಗ್ಲಿಲ್ಲ,” ಎಂದ. “ಆ ಗೋಡೆಗೋಸ್ಕರ ನಾನು ಹತ್ತಿದ್ದು. ನನಗೋಸ್ಕರ ಅವನು ಹತ್ತಿದ್ದು. ಅದನ್ನೂ ಕಸಕ್ಕೆ ಹಾಕಿದ್ರೆ ಅವನು ಯಾಕೆ ಸತ್ತ? ಅಳ್ತಾ ಅಳ್ತಾ ಮಾಡ್ದೆ ಮೇಡಂ. ಅದಕ್ಕೇ ತಪ್ಪಾಯ್ತೇನೋ. ಮಾಡ್ಬೇಕಾದ ಕ್ರಮವೇ ಮರೆತುಹೋಯ್ತು.”

ಈ ಮಾತು ಸುಳ್ಳಲ್ಲ ಎಂದು ವೆರ್ನಾಗೆ ಗೊತ್ತಾಯಿತು. ಇಪ್ಪತ್ತಮೂರು ವರ್ಷದಲ್ಲಿ ಅವಳು ಕೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಸುಳ್ಳು ಹೇಳುವವರು ತಮ್ಮ ದಡ್ಡತನವನ್ನು ಇಷ್ಟು ಬಿಚ್ಚಿ ಹೇಳುವುದಿಲ್ಲ.

ಹಾಗಿದ್ದರೆ ಉಳಿದದ್ದು ಒಂದು ಎಳೆ. ಅವಳು ಅದನ್ನು ಹಿಡಿದು ಜಗ್ಗಿದಳು.

“‘ಜನ ಬರ್ತಾರೆ’ ಅಂದ ಅಂದ್ಯಲ್ಲ. ಯಾವ ಜನ?”

ಕರ್ಟಿಸ್ ಉಗುರು ನೋಡಿಕೊಂಡ.

“ಅವನ ಫೋನು ನಿನ್ನ ಕರೆ ಆದ್ಮೇಲೆ ಚಾರ್ಜ್ ಮುಗಿದು ಕಾರಿನಲ್ಲೇ ಬಿದ್ದಿತ್ತು. ಯಾರಿಗೆ, ಹೇಗೆ ಹೇಳಿ ಕಳಿಸಿದ?”

“ನನ್ನ ಫೋನಿಂದ.”

“ಯಾರಿಗೆ?”

“ಫಿನ್ನಿಶ್‌ನಲ್ಲಿ, ಅವನ ಮನೆಮಾತಲ್ಲಿ ಮಾತಾಡಿದ. ನನಗೆ ಆ ಭಾಷೆ ಬರಲ್ಲ.”

“ಭಾಷೆ ಕೇಳ್ಲಿಲ್ಲ ನಾನು. ಯಾರಿಗೆ ಅಂದೆ.”

“ಅದು ನಾನು ಹೇಳೋ ಮಾತಲ್ಲ ಮೇಡಂ.” ಕರ್ಟಿಸ್‌ನ ದನಿಯಲ್ಲಿ ಮೊದಲ ಬಾರಿಗೆ ಒಂದು ಗಟ್ಟಿತನ ಬಂತು. “ಹೇಳ್ಬೇಕಾದೋರು ಹೇಳ್ತಾರೆ ಅಂತ ನಾನು ಕಾಯ್ತಾನೇ ಇದೀನಿ. ನಾನು ಹೇಳ್ತೀನಿ ಅಂತ ಅವರು ಕಾಯ್ತಿದ್ರೋ ಏನೋ. ಇಬ್ಬರೂ ಸೇರಿ ಇಪ್ಪತ್ತೆರಡು ದಿನ ಕಳೆದ್ವಿ.”

ವೆರ್ನಾ ಕೈ ಚಾಚಿದಳು. ಕರ್ಟಿಸ್ ಜೇಬಿನಿಂದ ಫೋನು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಕನ್ನಡಕ ಒಂದಿಂಚು ಕೆಳಗಿಳಿಸಿಕೊಂಡು, ಸೆಪ್ಟೆಂಬರ್ ಒಂಬತ್ತು ಸಿಗುವವರೆಗೆ ಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು.

ಮಧ್ಯಾಹ್ನ ಎರಡು ಮೂವತ್ತೊಂದು. ಆರು ನಿಮಿಷ.

ಆ ನಂಬರನ್ನು ಎರಡು ಸಲ ಓದುವ ಅಗತ್ಯ ಬೀಳಲಿಲ್ಲ. ಮೂರು ವಾರದಿಂದ ದಿನಕ್ಕೊಮ್ಮೆಯಾದರೂ ಅವಳೇ ಒತ್ತುತ್ತಿದ್ದ ನಂಬರು ಅದು.

“ಐಲಾ,” ಎಂದಳು.

ಐಲಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಕೈ ಎರಡೂ ಮಡಿಲಲ್ಲಿ ಖಾಲಿಯಾಗಿ ಉಳಿದವು.

“‘ಬೆಳಿಗ್ಗೆ ಬೈದೆ, ಆಮೇಲೆ ಅವನ ದನಿ ಕೇಳ್ಲಿಲ್ಲ’ ಅಂದಿದ್ದೆ ನೀನು. ನನ್ನ ಮುಂದೆ ಕೂತು ಹೇಳಿದ್ದೆ.”

“ಹೇಳಿದ್ದೆ.”

“ಸುಳ್ಳು.”

“ಸುಳ್ಳೇ.” ಐಲಾ ಮಾತಿಗೆ ಉಸಿರು ಹುಡುಕಿದಳು. “ನಾನು ಕೆಲಸದ ಮೇಲೆ ದೂರ ಇದ್ದೆ, ಎರಡು ಗಂಟೆ ದಾರಿ. ‘ಅಕ್ಕಾ, ಇಳಿಯೋಕ್ಕಾಗ್ತಿಲ್ಲ ಅಕ್ಕಾ’ ಅಂತ ಅಳ್ತಿದ್ದ. ಅಗ್ನಿಶಾಮಕದವರನ್ನ ಕರೀತೀನಿ ಅಂದೆ. ಬೇಡವೇ ಬೇಡ, ಪೇಪರಲ್ಲಿ ಬರುತ್ತೆ, ಕರ್ಟಿಸ್ ಅಂಗಡಿ ಹೋಗುತ್ತೆ ಅಂದ. ‘ಅಲ್ಲೇ ಕೂತಿರು, ಒಂದಿಂಚೂ ಕದಲಬೇಡ, ಕಳಿಸ್ತೀನಿ’ ಅಂದೆ ನಾನು. ನನ್ನ ಮಾತು ಕೇಳಿ ಅಲ್ಲೇ ಕೂತ ವೆರ್ನಾ ಅವ್ರೇ. ನಾನು ಕಳಿಸ್ದೆ.”

“ಯಾರನ್ನ?”

ಐಲಾ ಡಬ್ಬಿಯನ್ನು ಮೇಜಿನ ಅಂಚಿಗೆ ತಳ್ಳಿದಳು.

“ಯಾರನ್ನ ಕಳಿಸಿದೆ ಐಲಾ?”

“ಆ ಹೆಸರು ನನ್ನ ಬಾಯಿಂದ ಬರೋ ಹಾಗಿದ್ದಿದ್ರೆ,” ಎಂದಳು ಅವಳು, “ನಿಮ್ಮನ್ನ ಯಾಕೆ ಹುಡುಕ್ಕೊಂಡು ಬರ್ತಿದ್ದೆ? ಅವರು ಹೋದ್ರೋ, ತಡವಾಗಿ ಹೋದ್ರೋ, ಹೋಗ್ಲೇ ಇಲ್ವೋ. ಕೇಳೋ ಧೈರ್ಯ ನನಗಿಲ್ಲ. ನೀವೇ ಕಂಡುಹಿಡೀತೀರಿ ಅಂದ್ಕೊಂಡೆ. ಆ ಕಂಬಿ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು, ದೇವರಾಣೆ.”

ವೆರ್ನಾಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ, ನಾಲ್ಕು ಸಾವಿರ ಗೋಡೆ, ಇನ್ನೂರ ಹದಿನಾಲ್ಕು ಮೆಟ್ಟಿಲು. ಇಷ್ಟೂ ಈ ಹೆಣ್ಣುಮಗಳ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಬೈಯಲೆಂದೇ ಬಾಯಿ ತೆರೆದವಳು ಆ ಖಾಲಿ ಕೈಗಳನ್ನು ನೋಡಿ ಸುಮ್ಮನಾದಳು. ಶುಕ್ರವಾರಕ್ಕೆ ಇನ್ನು ಒಂದೂವರೆ ದಿನ. ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ.

ಅವಳು ಕೋಟಿಗೆ ತೋಳು ತೂರಿಸಿದಳು, ಫೋನನ್ನು ಕೋಟಿನ ಒಳಜೇಬಿಗೆ ಹಾಕಿದಳು. “ಕರ್ಟಿಸ್, ಈ ಫೋನು ನನ್ನ ಹತ್ರ ಇರುತ್ತೆ. ಮೂಲ ಫೋಟೋ ಅಳಿಸಿದೀಯೋ, ನಿನ್ನ ಇನ್ನೊಂದು ಕಾಲು ನಾನೇ ಮುರೀತೀನಿ. ಐಲಾ, ಏಳು. ಹೆಸರು ಹೇಳೋಕ್ಕಾಗದಿದ್ರೆ ಬೇಡ. ಕಾರಲ್ಲಿ ಕೂತ್ಕೋ. ಅವರ ಮನೆ ಮುಂದೆ ಬಂದಾಗ ಕೈ ತೋರ್ಸು, ಅಷ್ಟು ಸಾಕು. ಮಿಕ್ಕಿದ್ದು ನಾನು ಕೇಳ್ತೀನಿ.”

ಐಲಾ ಏಳಲಿಲ್ಲ.

“ದಾರಿ ನಿಮಗೆ ಗೊತ್ತು,” ಎಂದಳು. “ಮೂರು ವಾರದಿಂದ ದಿನಾ ಬಂದು ಕಾಫಿ ಕುಡಿದು ಹೋಗ್ತಿದೀರಲ್ಲ. ಅದೇ ಮನೆ.”

ಅದು ಐಲಾಳದೇ ಮನೆ. ಅಲ್ಲಿ ಅವಳ ಜೊತೆ ಇಬ್ಬರು ಗಂಡಸರಿದ್ದರು. ಒಬ್ಬ ಅವಳ ಗಂಡ, ಇನ್ನೊಬ್ಬ ಅವಳನ್ನೂ ಆರ್ವೋನನ್ನೂ ಹುಟ್ಟಿಸಿದ ಅಪ್ಪ. ಒಂಬತ್ತನೇ ತಾರೀಕು ಮಧ್ಯಾಹ್ನ ತಾವಿಬ್ಬರೂ ಮನೆ ಬಿಟ್ಟು ಕದಲಲೇ ಇಲ್ಲವೆಂದು, ಒಬ್ಬರಿಗೊಬ್ಬರು ಸಾಕ್ಷಿಯಾಗಿ, ಅವರು ವೆರ್ನಾಳ ಮುಂದೆ ಬರೆದು ಸಹಿ ಹಾಕಿ ಕೊಟ್ಟಿದ್ದರು.